ಜೋಸೆಫ್ ಲಿಸ್ಟರ್

ಜೋಸೆಫ್ ಲಿಸ್ಟರ್ (ಏಪ್ರಿಲ್ 5, 1827 – ಫೆಬ್ರವರಿ 10, 1912) ನಂಜುನಿರೋಧಕ ಶಸ್ತ್ರಚಿಕಿತ್ಸೆಯ ಪ್ರವರ್ತಕರೆಂದು ಪ್ರಸಿದ್ಧರಾದ ಬ್ರಿಟಿಷ್ ಶಸ್ತ್ರವೈದ್ಯರು. ಶಸ್ತ್ರಚಿಕಿತ್ಸೆಯ ನಂತರ ಗಾಯಗಳು ಕೀವುಗಟ್ಟಲು ಸೂಕ್ಷ್ಮಜೀವಿಗಳೇ ಕಾರಣವೆಂದು ಪ್ರತಿಪಾದಿಸಿದ ಅವರು, ಅದನ್ನು ತೋರಿಸಲು ಮೂತ್ರದ ಮೇಲೆಯೂ ಪ್ರಯೋಗಗಳನ್ನು ನಡೆಸಿದರು.

ಜನನ ಮತ್ತು ಶಿಕ್ಷಣ

ಲಿಸ್ಟರ್ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ಅಪ್ಟನ್ ಎಂಬಲ್ಲಿ ಕ್ವೇಕರ್ ಪಂಥದ ಕುಟುಂಬದಲ್ಲಿ ಜನಿಸಿದರು. ತಂದೆ ಜೋಸೆಫ್ ಜಾಕ್ಸನ್ ಲಿಸ್ಟರ್ ಸೂಕ್ಷ್ಮದರ್ಶಕದ ಮಸೂರಗಳನ್ನು ಸುಧಾರಿಸಿದವರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವೈದ್ಯಕೀಯ ವ್ಯಾಸಂಗ ಮಾಡಿದ ಲಿಸ್ಟರ್, ಎಡಿನ್‌ಬರೋದಲ್ಲಿ ಜೇಮ್ಸ್ ಸೈಮ್ ಅವರ ಸಹಾಯಕರಾದರು. 1856ರಲ್ಲಿ ಸೈಮ್ ಅವರ ಪುತ್ರಿ ಆಗ್ನೆಸ್‌ರನ್ನು ವಿವಾಹವಾದರು. 1860ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ನೇಮಕಗೊಂಡರು.

ನಂಜುನಿರೋಧಕ ವಿಧಾನ

ಗಾಯ ಕೊಳೆಯುವುದಕ್ಕೆ ಕೆಟ್ಟ ಗಾಳಿಯೇ ಕಾರಣವೆಂಬ ನಂಬಿಕೆ ಆಗ ಪ್ರಚಲಿತವಾಗಿತ್ತು. ಲೂಯಿ ಪಾಶ್ಚರ್ ಅವರ ಸಂಶೋಧನೆಗಳನ್ನು ಓದಿದ ಲಿಸ್ಟರ್, 1865ರ ಆಗಸ್ಟ್ 12ರಂದು ಗಾಡಿಯ ಚಕ್ರ ಹರಿದು ಕಾಲು ಮುರಿದಿದ್ದ 11 ವರ್ಷದ ಬಾಲಕನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದರು. ಗಾಯ ಕೀವುಗಟ್ಟದೆ ಮೂಳೆ ಕೂಡಿಕೊಂಡಿತು. 1864–66ರಲ್ಲಿ ಅವರು ಅಂಗಚ್ಛೇದ ಮಾಡಿದ 35 ರೋಗಿಗಳಲ್ಲಿ 16 ಮಂದಿ ಮೃತಪಟ್ಟಿದ್ದರು. ಹೊಸ ವಿಧಾನ ಬಂದ ಮೇಲೆ, 1867–69ರಲ್ಲಿ, 40 ಮಂದಿಯಲ್ಲಿ 6 ಮಂದಿ ಮಾತ್ರ ಮೃತಪಟ್ಟರು.

ಮೂತ್ರದ ಪ್ರಯೋಗಗಳು

1867ರಲ್ಲಿ ಲಿಸ್ಟರ್ ನಾಲ್ಕು ಗಾಜಿನ ಕುಪ್ಪಿಗಳಲ್ಲಿ ಮೂತ್ರವನ್ನು ಕುದಿಸಿಟ್ಟರು. ಮೂರರ ಕೊರಳು ನೀಳವಾಗಿ ಬಾಗಿತ್ತು, ಒಂದರದು ಗಿಡ್ಡವಾಗಿ ನೇರವಾಗಿತ್ತು. ಎಲ್ಲದರೊಳಗೂ ಗಾಳಿ ಹೋಗುತ್ತಿದ್ದರೂ ನೇರ ಕೊರಳಿನ ಕುಪ್ಪಿಯ ಮೂತ್ರ ಮಾತ್ರ ಬೇಗ ಕೆಟ್ಟಿತು. ಕೆಡಿಸುವುದು ಗಾಳಿಯಲ್ಲ, ಅದರೊಡನೆ ಬರುವ ಕಣಗಳು ಎಂಬುದು ಇದರಿಂದ ಸ್ಪಷ್ಟವಾಯಿತು. ಆರೋಗ್ಯವಂತರ ಮೂತ್ರವನ್ನು ಎಚ್ಚರದಿಂದ ಶುದ್ಧ ಪಾತ್ರೆಗೆ ಹಿಡಿದರೆ, ಕುದಿಸದಿದ್ದರೂ ಅದು ಕೆಡದೆ ಉಳಿಯುವುದೆಂದೂ ಅವರು ಮುಂದೆ ತೋರಿಸಿದರು.

ಮೂತ್ರಾಂಗ ಶಸ್ತ್ರಚಿಕಿತ್ಸೆಯಲ್ಲಿ ಮಹತ್ವ

ಮೂತ್ರನಾಳವನ್ನು ಹಿಗ್ಗಿಸುವ ಒಂದು ಬಗೆಯ ಲೋಹದ ಸಲಾಕೆ ಇಂದಿಗೂ ಲಿಸ್ಟರ್ ಅವರ ಹೆಸರಿನಲ್ಲಿದೆ. ಅವರ ವಿಧಾನವು ಮುಖ್ಯವಾಗಿ ಹೊರಗಿನಿಂದ ಬರುವ ಸೋಂಕನ್ನು ತಡೆಯುವಂಥದು. ಆದರೆ ರೋಗಲಕ್ಷಣಗಳಿಲ್ಲದವರ ಮೂತ್ರದಲ್ಲಿಯೂ ಬ್ಯಾಕ್ಟೀರಿಯಾ ಇರಬಹುದು. ಪ್ರಾಸ್ಟೇಟ್ ಗ್ರಂಥಿ ಅಥವಾ ಕಲ್ಲಿನ ಶಸ್ತ್ರಚಿಕಿತ್ಸೆಯಲ್ಲಿ ಒಳಪದರಕ್ಕೆ ಗಾಯವಾದಾಗ ಅವು ರಕ್ತವನ್ನು ಸೇರಿ ಪ್ರಾಣಾಪಾಯ ತರಬಲ್ಲವು. ಉಪಕರಣಗಳು ಎಷ್ಟೇ ಶುದ್ಧವಾಗಿದ್ದರೂ ಈ ಅಪಾಯ ತಪ್ಪದು. ಆದ್ದರಿಂದ ಇಂಥ ಶಸ್ತ್ರಚಿಕಿತ್ಸೆಗೆ ಮೊದಲು ಮೂತ್ರದ ಕಲ್ಚರ್ ಪರೀಕ್ಷೆ ಮಾಡಿ, ಬ್ಯಾಕ್ಟೀರಿಯಾ ಕಂಡುಬಂದರೆ ಸೂಕ್ತ ಪ್ರತಿಜೀವಕ ನೀಡುವುದು ಈಗಿನ ಕ್ರಮವಾಗಿದೆ.

ಕೊನೆಯ ದಿನಗಳು

1877ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದ ಲಿಸ್ಟರ್, ಗಾಳಿಗೆ ಕಾರ್ಬಾಲಿಕ್ ಆಮ್ಲ ಸಿಂಪಡಿಸುವ ತಮ್ಮ ಕ್ರಮವನ್ನು ಅನಗತ್ಯವೆಂದು ಮನಗಂಡು ಕೈಬಿಟ್ಟರು. 1897ರಲ್ಲಿ ಅವರಿಗೆ ಬ್ಯಾರನ್ ಪದವಿ ದೊರೆಯಿತು. 1912ರಲ್ಲಿ ಕೆಂಟ್ ಪ್ರಾಂತ್ಯದ ವಾಲ್ಮರ್‌ನಲ್ಲಿ ನಿಧನರಾದರು.