ಮಂಜೇಶ್ವರದ ಗೋವಿಂದ ಪೈಗಳು

ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈಗಳ ಮಗ ಗೋವಿಂದ ಪೈಗಳು 1883ರ ಮಾರ್ಚ್ 23ರಂದು ಮಂಜೇಶ್ವರದ ಅಜ್ಜನ ಮನೆಯಲ್ಲಿ ಜನಿಸಿದರು. ಮದರಾಸಿನಲ್ಲಿ ಬಿ.ಎ. ಪರೀಕ್ಷೆಯ ಹೊತ್ತಿಗೇ ತಂದೆಯವರ ಅಗಲಿಕೆಯಿಂದ ಸಂಸಾರದ ಹೊಣೆ ಹೆಗಲಿಗೆ ಬಿತ್ತು. ಬರೆದಿದ್ದ ಇಂಗ್ಲಿಷಿನಲ್ಲಿ ಚಿನ್ನದ ಪದಕ ಬಂತು, ಪದವಿ ಮಾತ್ರ ಕೊನೆವರೆಗೂ ಆಗಲಿಲ್ಲ. ಅಂಥವರು ಮನೆಯಲ್ಲೇ ಕುಳಿತು ಇಪ್ಪತ್ತಕ್ಕೂ ಹೆಚ್ಚು ಭಾಷೆ ಕಲಿತರೆಂದರೆ ಆ ದುಡಿಮೆ ಎಷ್ಟಿರಬೇಕು! ಸಂಬಳವಿಲ್ಲ, ಹುದ್ದೆಯಿಲ್ಲ. ಒಂದು ಶಾಸನದ ಕಾಲ ಗೊತ್ತುಮಾಡಲು ಎಷ್ಟೋ ಗ್ರಂಥ ತಿರುವಿ ಹಾಕುವರು. ಮನೆಮಾತು ಕೊಂಕಣಿ, ಬರೆದದ್ದು ಕನ್ನಡ. ಏಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ'ದಲ್ಲಿಯೂ ಬುದ್ಧನ ಅಂತ್ಯವನ್ನು 'ವೈಶಾಖಿ'ಯಲ್ಲಿಯೂ ಹಾಡಿದರು.

1927ರಲ್ಲಿ ಮಡದಿ ತೀರಿಕೊಂಡರು. ಪೈಗಳು ಮರುಮದುವೆಯಾಗದೆ, ಆಕೆಯ ನೆನಪಿಗೆ 'ನಂದಾದೀಪ' ಬರೆದರು. 1949ರಲ್ಲಿ ಅಂದಿನ ಮದರಾಸು ಸರಕಾರ ರಾಷ್ಟ್ರಕವಿ ಬಿರುದು ಕೊಟ್ಟಿತು. ಆಮೇಲೂ ಅದೇ ಮನೆ, ಅದೇ ಪುಸ್ತಕಗಳ ರಾಶಿ, ಅದೇ ಸರಳತನ.

ಕಾಸರಗೋಡು ಕನ್ನಡ ನಾಡಿಗೆ ಸೇರಬೇಕೆಂಬುದು ಅವರ ದೊಡ್ಡ ಆಸೆ. 1956ರ ನವೆಂಬರ್ 1ರಂದು ಅದು ಕೇರಳದ ಪಾಲಾಯಿತು. ಮುಪ್ಪಿನ ಆ ನೋವು ಸಣ್ಣದಲ್ಲ. 1963ರ ಸೆಪ್ಟೆಂಬರ್ 6ರಂದು ಅವರು ದೈವಾಧೀನರಾದರು. ಜೀವಮಾನವಿಡೀ ಕೂಡಿಸಿದ ಪುಸ್ತಕಗಳು ಉಡುಪಿಯ ಎಂ.ಜಿ.ಎಂ. ಕಾಲೇಜನ್ನು ಸೇರಿದವು.