ತಾಯಂದಿರ ರಕ್ಷಕ ಡಾಕ್ಟರ್ ಇಗ್ನಾಸ್ ಸೆಮ್ಮೆಲ್‌ವೈಸ್

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮ ದೇವಾಲಯವನ್ನು ಕಟ್ಟಿದವರನ್ನೂ ಅದನ್ನು ಬೆಳೆಸಿದವರನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತಿದ್ದೇವೆ. ಇದೇ ನೂರು ವರ್ಷಗಳಲ್ಲಿ ನಮ್ಮ ಮನೆಮನೆಗೂ ದೊರೆತ ಮತ್ತೊಂದು ಮಹೋಪಕಾರವಿದೆ. ಅದನ್ನು ನೆನೆಯುವವರು ವಿರಳ. ಹಳೆಯ ಧರ್ಮಕೇಂದ್ರಗಳ ದಾಖಲೆಗಳನ್ನು ತೆರೆದು ನೋಡಿದರೆ, ಜ್ಞಾನಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರು ಬರೆದ ಕೆಲವೇ ದಿನಗಳಲ್ಲಿ ಮರಣದ ಪುಸ್ತಕದಲ್ಲಿ ಅದರ ತಾಯಿಯ ಹೆಸರನ್ನೂ ಬರೆಯಬೇಕಾಗಿ ಬಂದುದು ಕಾಣಸಿಗುವುದುಂಟು. ಹೆರಿಗೆ ಸುಖವಾಗಿ ಆಗಿರುತ್ತಿತ್ತು; ಮೂರು ನಾಲ್ಕು ದಿನ ಕಳೆಯುವಷ್ಟರಲ್ಲಿ ಚಳಿ ಹಿಡಿದು, ಜ್ವರವೇರಿ, ಬಾಣಂತಿ ಕಣ್ಮುಚ್ಚುತ್ತಿದ್ದಳು. ನಮ್ಮ ಹಿರಿಯರು ಬಾಣಂತಿ ನಂಜು ಎಂದು ಕರೆದ ಈ ಸೂತಿಕಾಜ್ವರ ಇಂದು ಬಹುಮಟ್ಟಿಗೆ ಹಿಂದೆ ಸರಿದಿದೆ. ಅದರ ಗುಟ್ಟನ್ನು ಕಂಡುಹಿಡಿದು, ಆ ಕಾರಣದಿಂದಲೇ ಅವಮಾನಿತರಾಗಿ ಮಡಿದ ಒಬ್ಬ ಕಥೋಲಿಕ ವೈದ್ಯರ ಜೀವನವನ್ನು ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಜನನ ಮತ್ತು ವಿದ್ಯಾಭ್ಯಾಸ

ಇಗ್ನಾಸ್ ಫಿಲಿಪ್ ಸೆಮ್ಮೆಲ್‌ವೈಸ್ ಅವರು 1818ರ ಜುಲೈ 1ರಂದು ಹಂಗೇರಿ ದೇಶದ ಬುಡಾ ಪಟ್ಟಣದಲ್ಲಿ ಜನಿಸಿದರು. ಡ್ಯಾನ್ಯೂಬ್ ನದಿಯ ಒಂದು ದಡದಲ್ಲಿ ಬುಡಾ, ಇನ್ನೊಂದು ದಡದಲ್ಲಿ ಪೆಸ್ಟ್. 1873ರಲ್ಲಿ ಇವೆರಡೂ ಕೂಡಿ ಬುಡಾಪೆಸ್ಟ್ ಮಹಾನಗರವಾದವು. ತಂದೆ ಅನುಕೂಲಸ್ಥ ದಿನಸಿ ವ್ಯಾಪಾರಿ. ಮಗ ಕಾನೂನು ಓದಬೇಕೆಂಬ ಉದ್ದೇಶದಿಂದ ಅವರನ್ನು 1837ರಲ್ಲಿ ವಿಯೆನ್ನಾ ನಗರಕ್ಕೆ ಕಳುಹಿಸಲಾಯಿತು. ಆದರೆ ಅವರ ಮನಸ್ಸು ಬಹುಬೇಗ ವೈದ್ಯವಿದ್ಯೆಯ ಕಡೆಗೆ ತಿರುಗಿತು. 1844ರಲ್ಲಿ ವೈದ್ಯ ಪದವಿಯನ್ನು ಪಡೆದು ಪ್ರಸೂತಿ ಶಾಸ್ತ್ರದಲ್ಲಿ ಪರಿಣತಿಯನ್ನು ಗಳಿಸಿದರು. 1846ರ ಜುಲೈಯಲ್ಲಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಪ್ರಾಧ್ಯಾಪಕ ಯೋಹಾನ್ ಕ್ಲೈನ್ ಅವರ ಸಹಾಯಕರಾಗಿ ನೇಮಕಗೊಂಡಾಗ ಅವರಿಗೆ ಇಪ್ಪತ್ತೆಂಟು ವರ್ಷ.

ಎರಡು ವಾರ್ಡುಗಳ ಒಗಟು

ಆ ಆಸ್ಪತ್ರೆಯಲ್ಲಿ ಬಡವರಿಗೆ, ಆಸರೆಯಿಲ್ಲದ ಅವಿವಾಹಿತ ತಾಯಂದಿರಿಗೆ ಹಣ ಪಡೆಯದೆ ಹೆರಿಗೆ ಮಾಡಿಸಲಾಗುತ್ತಿತ್ತು. ಹೆರಿಗೆಗೆಂದು ಎರಡು ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ತರಬೇತಿ, ಎರಡನೆಯದರಲ್ಲಿ ಸೂಲಗಿತ್ತಿಯರಿಗೆ ತರಬೇತಿ. ಗರ್ಭಿಣಿಯರನ್ನು ಒಂದು ದಿನ ಇಲ್ಲಿಗೆ, ಮರುದಿನ ಅಲ್ಲಿಗೆ ಸರದಿಯಂತೆ ಸೇರಿಸಿಕೊಳ್ಳುತ್ತಿದ್ದರು. ಒಂದೇ ಕಟ್ಟಡ, ಒಂದೇ ಊಟ, ಒಂದೇ ಗಾಳಿ. ಆದರೂ 1846ನೆಯ ಒಂದೇ ವರ್ಷದಲ್ಲಿ ಮೊದಲನೆಯ ವಿಭಾಗದಲ್ಲಿ ಹೆತ್ತ 4,010 ತಾಯಂದಿರಲ್ಲಿ 459 ಮಂದಿ ಸತ್ತರು. ಎರಡನೆಯದರಲ್ಲಿ 3,754 ಮಂದಿಯಲ್ಲಿ 105 ಮಂದಿ ಮಾತ್ರ. ವಿದ್ಯಾವಂತ ವೈದ್ಯರ ಕೈಯಲ್ಲಿ ನೂರಕ್ಕೆ ಹನ್ನೊಂದು ಸಾವು, ಸೂಲಗಿತ್ತಿಯರ ಕೈಯಲ್ಲಿ ನೂರಕ್ಕೆ ಮೂರೂ ಇಲ್ಲ. ಈ ವಿಷಯ ನಗರದ ಬಡ ಹೆಂಗಸರಿಗೆ ಚೆನ್ನಾಗಿ ತಿಳಿದಿತ್ತು. ಮೊದಲನೆಯ ವಿಭಾಗದ ಸರದಿಯ ದಿನ ಬಂದವರು ಮೊಣಕಾಲೂರಿ, ಕೈಮುಗಿದು, ತಮ್ಮನ್ನು ಎರಡನೆಯದಕ್ಕೇ ಕಳುಹಿಸುವಂತೆ ಅಂಗಲಾಚುತ್ತಿದ್ದರು. ದಾರಿಯಲ್ಲೇ ಹೆತ್ತು ಬಂದವರು ಒಳಗೆ ಹೆತ್ತವರಿಗಿಂತ ಹೆಚ್ಚಾಗಿ ಬದುಕಿ ಉಳಿಯುತ್ತಿದ್ದರು ಎಂಬುದು ಇನ್ನೂ ವಿಚಿತ್ರ.

ಅಂದಿನ ಪಂಡಿತರು ಇದಕ್ಕೆ ಕೆಟ್ಟ ಗಾಳಿ, ಹವಾಮಾನ, ಭೂಮಿಯ ಪ್ರಭಾವ ಎಂದೆಲ್ಲ ಕಾರಣ ಕೊಡುತ್ತಿದ್ದರು. ಕೆಟ್ಟ ಗಾಳಿ ಒಂದು ವಾರ್ಡಿಗೆ ಬೀಸಿ ಪಕ್ಕದ ವಾರ್ಡನ್ನು ಬಿಡುವುದು ಹೇಗೆ ಎಂದು ಸೆಮ್ಮೆಲ್‌ವೈಸ್ ಅವರು ಯೋಚಿಸಿದರು. ಜನಸಂದಣಿಯೇ ಕಾರಣವೆನ್ನೋಣವೆಂದರೆ ಎರಡನೆಯ ವಿಭಾಗವೇ ಹೆಚ್ಚು ಕಿಕ್ಕಿರಿದಿತ್ತು. ಎರಡನೆಯದರಲ್ಲಿ ಹೆಂಗಸರನ್ನು ಮಗ್ಗುಲಾಗಿ ಮಲಗಿಸಿ ಹೆರಿಗೆ ಮಾಡಿಸುತ್ತಿದ್ದರು; ಮೊದಲನೆಯದರಲ್ಲಿಯೂ ಹಾಗೆಯೇ ಮಾಡಿಸಿ ನೋಡಿದರು. ಸಾವು ಕಡಿಮೆಯಾಗಲಿಲ್ಲ.

ಗುರುಗಳಾದ ನಮ್ಮ ಮನಸ್ಸನ್ನು ವಿಶೇಷವಾಗಿ ತಟ್ಟುವ ಒಂದು ಸಂಗತಿ ಇಲ್ಲಿದೆ. ಸಾಯುತ್ತಿರುವವರಿಗೆ ಅಂತ್ಯಸಂಸ್ಕಾರಗಳನ್ನು ಕೊಡಲು ಬರುವ ಗುರುಗಳು, ಮುಂದೆ ಗಂಟೆ ಬಾರಿಸುವವನೊಡನೆ, ಮೊದಲನೆಯ ವಿಭಾಗದ ಐದು ವಾರ್ಡುಗಳನ್ನು ಹಾದು ರೋಗಿಗಳ ಕೊಠಡಿಯನ್ನು ಸೇರಬೇಕಾಗಿತ್ತು. ಎರಡನೆಯ ವಿಭಾಗದಲ್ಲಿ ಅವರು ನೇರವಾಗಿ ಒಳಗೆ ಹೋಗಬಹುದಾಗಿತ್ತು. ದಿನಕ್ಕೆ ಹಲವು ಬಾರಿ ಕೇಳಿಬರುವ ಆ ಗಂಟೆಯ ಸದ್ದಿಗೆ ಬಾಣಂತಿಯರು ಎದೆಯೊಡೆದು ಜ್ವರ ಬೀಳುತ್ತಿರಬಹುದೇ ಎಂಬ ಊಹೆ ಹುಟ್ಟಿತು. ಸ್ವತಃ ಸೆಮ್ಮೆಲ್‌ವೈಸ್ ಅವರ ಎದೆಯೂ ಆ ಸದ್ದಿಗೆ ಕಂಪಿಸುತ್ತಿತ್ತು. ಅವರು ಗುರುಗಳನ್ನು ಕಂಡು, ಗಂಟೆಯಿಲ್ಲದೆ ಬೇರೆ ದಾರಿಯಿಂದ ಮೌನವಾಗಿ ಬರುವಂತೆ ಬೇಡಿಕೊಂಡರು. ಗುರುಗಳು ಒಪ್ಪಿದರು. ಗಂಟೆ ನಿಂತಿತು, ಸಾವು ನಿಲ್ಲಲಿಲ್ಲ. ಸಂಸ್ಕಾರವನ್ನು ತರುವವರಲ್ಲಿ ದೋಷವಿರಲಿಲ್ಲ. ದೋಷ ಬೇರೆಲ್ಲೋ ಅಡಗಿತ್ತು.

ಸ್ನೇಹಿತನ ಮರಣದಿಂದ ದೊರೆತ ಬೆಳಕು

1847ರ ಮಾರ್ಚಿಯಲ್ಲಿ ಅವರ ಪ್ರಿಯ ಮಿತ್ರ, ನ್ಯಾಯವೈದ್ಯ ಶಾಸ್ತ್ರದ ಪ್ರಾಧ್ಯಾಪಕ ಯಾಕೋಬ್ ಕೊಲ್ಲೆಚ್ಕಾ ಅವರು ಶವಪರೀಕ್ಷೆ ನಡೆಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನ ಚಾಕು ಬೆರಳಿಗೆ ತಾಗಿತು. ಆ ಸಣ್ಣ ಗಾಯ ನಂಜೇರಿ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ವೆನಿಸ್ ಪ್ರವಾಸದಿಂದ ಹಿಂತಿರುಗಿದ ಸೆಮ್ಮೆಲ್‌ವೈಸ್ ಅವರು ದುಃಖದ ನಡುವೆಯೂ ಮಿತ್ರನ ಶವಪರೀಕ್ಷೆಯ ವರದಿಯನ್ನು ಓದಿದರು. ದೇಹದೊಳಗಿನ ಕೀವು, ಉರಿಯೂತ, ಎಲ್ಲವೂ ಸತ್ತ ಬಾಣಂತಿಯರಲ್ಲಿ ಕಂಡ ಲಕ್ಷಣಗಳೇ. ಒಗಟು ಬಿಡಿಸಿತು. ಮಿತ್ರನ ದೇಹಕ್ಕೆ ಶವದ ವಿಷವನ್ನು ಒಯ್ದುದು ಚಾಕು. ಬಾಣಂತಿಯರ ದೇಹಕ್ಕೆ ಒಯ್ದುದು ವೈದ್ಯರ ಬೆರಳುಗಳು. ಮೊದಲನೆಯ ವಿಭಾಗದ ವೈದ್ಯರೂ ವಿದ್ಯಾರ್ಥಿಗಳೂ ಬೆಳಿಗ್ಗೆ ಶವಗಳನ್ನು ಕೊಯ್ದು, ಸಾಬೂನಿನಿಂದ ಕೈತೊಳೆದರೂ ಹೋಗದ ವಾಸನೆಯೊಡನೆ ನೇರವಾಗಿ ಹೆರಿಗೆಯ ಮಂಚದ ಬಳಿಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಶವದ ಕೆಲಸವಿರಲಿಲ್ಲ.

ಅದೇ ವರ್ಷದ ಮೇ ತಿಂಗಳ ನಡುವೆ ಅವರು ಒಂದು ನಿಯಮವನ್ನು ಜಾರಿಗೆ ತಂದರು. ಬಾಗಿಲ ಬಳಿ ಬೋಗುಣಿಯಲ್ಲಿ ಕ್ಲೋರಿನ್ ದ್ರಾವಣ. ಅದರಲ್ಲಿ ಕೈಯುಜ್ಜಿ ತೊಳೆಯದೆ ಯಾರೂ ಗರ್ಭಿಣಿಯನ್ನು ಮುಟ್ಟಕೂಡದು. ಆ ದ್ರಾವಣ ದುಬಾರಿಯಾದಾಗ ಅಗ್ಗದ ಕ್ಲೋರಿನ್ ಸುಣ್ಣವನ್ನು ಬಳಸಿದರು. ನಮ್ಮ ಊರುಗಳ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯೇ ಅದು. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ ಹದಿನೆಂಟು ತಾಯಂದಿರು ಸತ್ತಿದ್ದರು. ಜೂನ್ ತಿಂಗಳಲ್ಲಿ ಆ ಸಂಖ್ಯೆ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಅಕ್ಟೋಬರಿನಲ್ಲಿ, ಗರ್ಭಕೋಶದಲ್ಲಿ ಕೊಳೆತ ಹುಣ್ಣಿದ್ದ ಹೆಂಗಸೊಬ್ಬಳನ್ನು ಮೊದಲು ಪರೀಕ್ಷಿಸಿ, ಬರಿಯ ಸಾಬೂನಿನಿಂದ ಕೈತೊಳೆದು ಉಳಿದವರನ್ನು ಪರೀಕ್ಷಿಸಿದ್ದರಿಂದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಮಡಿದರು. ವಿಷ ಶವದಿಂದ ಮಾತ್ರವಲ್ಲ, ಜೀವಂತ ದೇಹದ ಕೊಳೆತದಿಂದಲೂ ಬರುತ್ತದೆ ಎಂದು ಇದರಿಂದ ಅರಿತು, ಒಬ್ಬೊಬ್ಬ ರೋಗಿಯನ್ನು ಮುಟ್ಟಿದ ನಂತರವೂ ಕೈತೊಳೆಯಬೇಕೆಂದು ವಿಧಿಸಿದರು. 1848ರಲ್ಲಿ ಹೆತ್ತ 3,556 ತಾಯಂದಿರಲ್ಲಿ ಸತ್ತವರು 45 ಮಂದಿ ಮಾತ್ರ. ಆ ವರ್ಷದ ಎರಡು ತಿಂಗಳುಗಳಲ್ಲಿ ಒಂದು ಸಾವೂ ಸಂಭವಿಸಲಿಲ್ಲ.

ಸತ್ಯಕ್ಕೆ ಬಂದ ಅಡ್ಡಿಗಳು

ಇಷ್ಟು ಸ್ಪಷ್ಟವಾದ ಸತ್ಯವನ್ನು ಲೋಕ ಕೂಡಲೇ ಸ್ವೀಕರಿಸಬೇಕಿತ್ತು. ಸ್ವೀಕರಿಸಲಿಲ್ಲ. ಏಕೆಂದು ವಿಚಾರಿಸುವುದು ನಮ್ಮ ಕಾಲಕ್ಕೂ ಹಿತಕರ.

ಮೊದಲನೆಯದು, ಆ ಸತ್ಯ ಕೇಳುವವರ ಮನಸ್ಸಾಕ್ಷಿಯನ್ನೇ ಇರಿಯುತ್ತಿತ್ತು. ಗುಣಪಡಿಸಲು ಚಾಚಿದ ತನ್ನ ಕೈಯೇ ತಾಯಿಯನ್ನು ಕೊಂದಿತೆಂದು ಒಪ್ಪಿಕೊಳ್ಳುವುದು ಯಾವ ವೈದ್ಯನಿಗೆ ಸುಲಭ? ಸೆಮ್ಮೆಲ್‌ವೈಸ್ ಅವರು ತಮ್ಮ ವಿಷಯದಲ್ಲಿ ಅದನ್ನು ಒಪ್ಪಿಕೊಂಡರು. ತಮ್ಮಿಂದ ಅಕಾಲ ಮರಣಕ್ಕೀಡಾದವರ ಸಂಖ್ಯೆ ದೇವರಿಗೆ ಮಾತ್ರ ಗೊತ್ತು ಎಂಬ ಅರ್ಥದಲ್ಲಿ ಬರೆದೂ ಇಟ್ಟರು. ಎಲ್ಲರಿಗೂ ಆ ಧೈರ್ಯವಿರಲಿಲ್ಲ. ಎರಡನೆಯದು, ಅಂದು ರೋಗಾಣುಗಳ ಜ್ಞಾನವಿರಲಿಲ್ಲ. ಕೈಗೆ ಅಂಟಿದ ವಿಷವೆಂದರೇನೆಂದು ಕೇಳಿದವರಿಗೆ ತೋರಿಸಲು ಅವರ ಬಳಿ ಅಂಕಿ-ಅಂಶಗಳ ಹೊರತು ಬೇರೇನೂ ಇರಲಿಲ್ಲ.

ಮೂರನೆಯದು ಅವರದೇ ಕೊರತೆ. ಅವರಿಗೆ ಬರೆಯುವುದೆಂದರೆ ಬೇಸರ. ಮೊದಲ ಸುದ್ದಿಯನ್ನು ಪ್ರಕಟಿಸಿದವರು ಮಿತ್ರ ಹೆಬ್ರಾ. ವಿಜ್ಞಾನ ಅಕಾಡೆಮಿಯಲ್ಲಿ ಮಾತನಾಡಿದವರು ಗುರು ಸ್ಕೋಡಾ. ಹೀಗೆ ಪರರ ಬಾಯಿಂದ ಹೋದ ಸುದ್ದಿ ಅರ್ಧವಾಗಿಯೇ ತಲುಪಿತು. ಶವದ ವಿಷದಿಂದ ಮಾತ್ರ ಈ ಜ್ವರ ಬರುತ್ತದೆಂಬುದೇ ಅವರ ವಾದವೆಂದು ಹೊರಗಿನವರು ತಿಳಿದರು. ಶವಪರೀಕ್ಷೆ ನಡೆಯದ ಕಡೆಯೂ ಜ್ವರವಿದೆಯಲ್ಲ ಎಂದು ಕೇಳಿ ಅದನ್ನು ತಳ್ಳಿಹಾಕಿದರು. ಸರಿಯಾದ ಉತ್ತರ ಅವರ ಬಳಿ ಇತ್ತು. ಆದರೆ ಅದನ್ನು ಅವರು ಸಕಾಲದಲ್ಲಿ ಬರೆಯಲಿಲ್ಲ.

ಸಂತ ರೋಖರ ಆಸ್ಪತ್ರೆಯಲ್ಲಿ

1849ರಲ್ಲಿ ಅವರ ಹುದ್ದೆಯ ಅವಧಿಯನ್ನು ಮುಂದುವರಿಸಲಿಲ್ಲ. ಮರುವರ್ಷ ಬೋಧಕರಾಗಲು ಅನುಮತಿ ದೊರೆತರೂ, ಬೊಂಬೆಯ ಮೇಲೆ ಮಾತ್ರ ಪಾಠ ಹೇಳಬೇಕೆಂಬ ನಿರ್ಬಂಧವಿತ್ತು. ನೊಂದ ಅವರು ಕೆಲವೇ ದಿನಗಳಲ್ಲಿ, ಆಪ್ತರಿಗೂ ತಿಳಿಸದೆ, ವಿಯೆನ್ನಾವನ್ನು ಬಿಟ್ಟು ಪೆಸ್ಟ್ ನಗರಕ್ಕೆ ಹೊರಟುಹೋದರು. ಅಲ್ಲಿ 1851ರಲ್ಲಿ, ಸಾಂಕ್ರಾಮಿಕ ರೋಗಿಗಳ ಪಾಲಕರೆಂದು ನಾವು ಗೌರವಿಸುವ ಸಂತ ರೋಖರ ಹೆಸರಿನ ಆಸ್ಪತ್ರೆಯಲ್ಲಿ ಸಂಬಳವಿಲ್ಲದ ಹುದ್ದೆಯೊಂದನ್ನು ವಹಿಸಿಕೊಂಡರು. ಮುಂದಿನ ಸುಮಾರು ಆರು ವರ್ಷಗಳಲ್ಲಿ 933 ಹೆರಿಗೆಗಳಿಗೆ ಈ ಜ್ವರದಿಂದ ಎಂಟೇ ಸಾವುಗಳಾದವು. 1855ರಲ್ಲಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ಅಲ್ಲಿ ಒಮ್ಮೆ ಸಾವು ಹೆಚ್ಚಿದಾಗ, ಸರಿಯಾಗಿ ಒಗೆಯದ ಹಾಸುಬಟ್ಟೆಗಳೇ ಕಾರಣವೆಂದು ಕಂಡು ಅವುಗಳ ಶುಚಿತ್ವಕ್ಕಾಗಿ ಅಧಿಕಾರಿಗಳೊಡನೆ ಹೋರಾಡಿದರು. 1857ರಲ್ಲಿ ಮರಿಯಾ ವೈಡನ್‌ಹೋಫರ್ ಎಂಬುವರನ್ನು ವಿವಾಹವಾದರು. ಐದು ಮಕ್ಕಳಲ್ಲಿ ಇಬ್ಬರು ಹಸುಳೆಗಳಾಗಿದ್ದಾಗಲೇ ತೀರಿಕೊಂಡರು.

1861ರಲ್ಲಿ ಅವರ ಮಹಾಗ್ರಂಥ ಜರ್ಮನ್ ಭಾಷೆಯಲ್ಲಿ ಹೊರಬಂದಿತು. ಹದಿನಾಲ್ಕು ವರ್ಷ ತಡವಾಗಿ ಬಂದ ಆ ಗ್ರಂಥ ದೀರ್ಘವಾಗಿತ್ತು, ಪುನರುಕ್ತಿಗಳಿಂದ ತುಂಬಿತ್ತು. ಪಂಡಿತರು ಅದನ್ನು ಟೀಕಿಸಿದರು, ಕೆಲವರು ಕಡೆಗಣಿಸಿದರು. ಆಗ ಅವರ ತಾಳ್ಮೆ ಕಟ್ಟೆಯೊಡೆಯಿತು. ಯೂರೋಪಿನ ಪ್ರಸಿದ್ಧ ಪ್ರಾಧ್ಯಾಪಕರಿಗೆ ಬಹಿರಂಗ ಪತ್ರಗಳನ್ನು ಬರೆದು, ಅವರನ್ನು ಕೊಲೆಗಾರರೆಂದೇ ಕರೆದರು. ಸಾಯುತ್ತಿದ್ದ ತಾಯಂದಿರ ಮೇಲಿನ ಮರುಕದಿಂದ ಹುಟ್ಟಿದ ಕೋಪವದು. ಆದರೆ ಅದರಿಂದ ಕಿವಿಗಳು ತೆರೆಯಲಿಲ್ಲ, ಮುಚ್ಚಿದವು.

ಅಂತ್ಯ ಮತ್ತು ಕೀರ್ತಿ

ಕ್ರಮೇಣ ಅವರ ಬುದ್ಧಿಯ ಸ್ಥಿಮಿತ ತಪ್ಪಿತು. 1865ರ ಜುಲೈ ಕೊನೆಯಲ್ಲಿ ಅವರನ್ನು ವಿಯೆನ್ನಾಕ್ಕೆ ಕರೆದೊಯ್ದು ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ಇರಿಸಲಾಯಿತು. ಅಲ್ಲಿ ಕಾವಲಿನವರ ಹೊಡೆತ ಬಿದ್ದಿರಬೇಕೆಂದು ಇತಿಹಾಸಕಾರರು ಭಾವಿಸುತ್ತಾರೆ. ಗಾಯ ಕೊಳೆತು, ನಂಜು ರಕ್ತಕ್ಕೇರಿ, ಆಗಸ್ಟ್ 13ರಂದು, ನಲವತ್ತೇಳನೆಯ ವಯಸ್ಸಿನಲ್ಲಿ ಅವರು ಪ್ರಾಣ ಬಿಟ್ಟರು. ಯಾವ ನಂಜಿನಿಂದ ತಾಯಂದಿರನ್ನು ಉಳಿಸಿದರೋ ಅಂಥದೇ ನಂಜಿಗೆ ತಾವು ಬಲಿಯಾದರು. ಅದಕ್ಕೆ ಒಂದು ದಿನ ಮೊದಲು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಅವರು ಬಾಲಕನೊಬ್ಬನ ಕಾಲಿನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿ ನಂಜುನಿರೋಧಕ ಚಿಕಿತ್ಸೆಯ ಹೊಸ ಯುಗವನ್ನು ಆರಂಭಿಸಿದ್ದರು. 1879ರಲ್ಲಿ ಲೂಯಿ ಪಾಶ್ಚರ್ ಅವರು ಸೂತಿಕಾಜ್ವರದ ರೋಗಾಣುವನ್ನು ಪ್ಯಾರಿಸ್ಸಿನ ವಿದ್ವಾಂಸರ ಸಭೆಗೆ ಚಿತ್ರ ಬರೆದು ತೋರಿಸಿದರು. ಸೆಮ್ಮೆಲ್‌ವೈಸ್ ಅವರ ಮಾತು ಸತ್ಯವೆಂದು ಹೀಗೆ ರುಜುವಾತಾಯಿತು. ಇಂದು ಬುಡಾಪೆಸ್ಟಿನ ವೈದ್ಯ ವಿಶ್ವವಿದ್ಯಾನಿಲಯಕ್ಕೆ ಅವರದೇ ಹೆಸರು. ತಾಯಂದಿರ ರಕ್ಷಕನೆಂದು ಲೋಕ ಅವರನ್ನು ಕೊಂಡಾಡುತ್ತದೆ.

ಈ ಜೀವನದಿಂದ ನಾವು ಕಲಿಯಬೇಕಾದ ಪಾಠ ಎರಡು ಬಗೆಯದು. ತಿಳಿದವರಿಗೆ ಒಂದು: ಸತ್ಯವನ್ನು ಕಂಡರಷ್ಟೇ ಸಾಲದು, ಅದನ್ನು ಸಕಾಲದಲ್ಲಿ, ತಿಳಿಯಾದ ಮಾತಿನಲ್ಲಿ, ಕೇಳುವವನ ಮಾನವನ್ನು ಕಾಯ್ದುಕೊಂಡು ಹೇಳಬೇಕು. ಪ್ರೀತಿಯಿಂದ ನುಡಿದ ಸತ್ಯ ಬೇಗ ಬೇರೂರುತ್ತದೆ. ಕೇಳುವ ನಮಗೆ ಇನ್ನೊಂದು: ಹೇಳುವವನ ಮಾತು ಒರಟೆಂದು, ನಮ್ಮ ಹಳೆಯ ರೂಢಿಗೆ ವಿರುದ್ಧವೆಂದು, ನಮ್ಮ ತಪ್ಪನ್ನು ತೋರಿಸುತ್ತದೆಂದು ಸತ್ಯವನ್ನು ತಳ್ಳಿಹಾಕಿದರೆ ಅದರ ಬೆಲೆಯನ್ನು ತೆರುವವರು ಬಡವರು, ಬಾಣಂತಿಯರು, ಹಸುಗೂಸುಗಳು. 2020ರ ಮಹಾಮಾರಿಯ ದಿನಗಳಲ್ಲಿ ನಾವೆಲ್ಲರೂ ಕೈತೊಳೆಯುವುದನ್ನು ಹೊಸದಾಗಿ ಕಲಿತೆವು; ಅದರ ಜೊತೆಗೇ ಸುಳ್ಳು ಸುದ್ದಿಗಳು ಎಷ್ಟು ಬೇಗ ಹಬ್ಬುತ್ತವೆ ಎಂಬುದನ್ನೂ ಕಂಡೆವು.

ಬಲಿಪೂಜೆಯಲ್ಲಿ ಕಾಣಿಕೆಯನ್ನು ಅರ್ಪಿಸಿದ ನಂತರ ಗುರುವು ಕೈತೊಳೆದುಕೊಳ್ಳುವುದನ್ನು ನೀವು ಪ್ರತಿ ಭಾನುವಾರವೂ ನೋಡುತ್ತೀರಿ. ಅದು ಅಂತರಂಗದ ಶುದ್ಧಿಯ ಗುರುತು. ಹಸುಗೂಸನ್ನು ಎತ್ತಿಕೊಳ್ಳುವ ಮುನ್ನ, ಬಾಣಂತಿಯ ಆರೈಕೆಗೆ ತೊಡಗುವ ಮುನ್ನ, ಹಾಸಿಗೆ ಹಿಡಿದ ಹಿರಿಯರಿಗೆ ಉಣಿಸುವ ಮುನ್ನ ಕೈತೊಳೆಯುವುದೂ ಪರಪ್ರೀತಿಯ ಒಂದು ಕಾರ್ಯವೇ ಸರಿ. ಆ ಅಭ್ಯಾಸವನ್ನು ನಮ್ಮ ಮಕ್ಕಳಿಗೆ ಕಲಿಸೋಣ. ಸೆಮ್ಮೆಲ್‌ವೈಸ್ ಅವರ ಆತ್ಮಕ್ಕೆ ಪ್ರಭುವು ನಿತ್ಯಶಾಂತಿಯನ್ನು ಕರುಣಿಸಲಿ.