ಸರ್ ರೊನಾಲ್ಡ್ ರಾಸ್

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಗಿರಿಶ್ರೇಣಿಯಲ್ಲಿ ಇಂದು ಸಂಚರಿಸುವವರಿಗೆ ಕಾಫಿ ಹೂವಿನ ಕಂಪೂ ತೊರೆಗಳ ತಂಪೂ ಹಿತವೆನಿಸುತ್ತವೆ. ಶತಮಾನದ ಹಿಂದೆ ಇದೇ ಸೀಮೆಯ ಹೆಸರು ಕೇಳಿದರೆ ಬಯಲುಸೀಮೆಯವರು ಅಂಜುತ್ತಿದ್ದರು. ತೋಟದ ಕೂಲಿಗೆಂದು ಬಂದವರನ್ನು ಚಳಿಜ್ವರ ಹಿಡಿಯುತ್ತಿತ್ತು; ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆದು ಅವರು ಕೃಶರಾಗುತ್ತಿದ್ದರು. ಊರಿಗೆ ಮರಳದೆ ಇಲ್ಲಿಯೇ ಮಣ್ಣಾದವರೂ ಉಂಟು. ಇದಕ್ಕೆ ಕಾಡಿನ ನೀರು ಕಾರಣವೆಂದು ಕೆಲವರು, ಕೆಟ್ಟ ಗಾಳಿ ಕಾರಣವೆಂದು ಕೆಲವರು ನಂಬಿದ್ದರು. ಮಲೇರಿಯ ಎಂಬ ಪದದ ಅರ್ಥವೇ ಕೆಟ್ಟ ಗಾಳಿ. ಗಾಳಿಯ ಮೇಲಿದ್ದ ಆ ಅಪವಾದವನ್ನು ತೊಡೆದು ನಿಜವಾದ ಅಪರಾಧಿಯನ್ನು ಹಿಡಿದುಕೊಟ್ಟವರು ರೊನಾಲ್ಡ್ ರಾಸ್. ವಿದ್ಯಾರ್ಥಿಯಾಗಿದ್ದಾಗ ಅವರು ಇಂತಹ ಕೆಲಸ ಮಾಡಿಯಾರೆಂದು ಯಾರೂ ಊಹಿಸುವಂತಿರಲಿಲ್ಲ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ. ತಂದೆ ಭಾರತದ ಸೈನ್ಯದಲ್ಲಿ ದೊಡ್ಡ ಅಧಿಕಾರಿ. ಹತ್ತು ಮಕ್ಕಳಲ್ಲಿ ಹಿರಿಯನಾದ ಈ ಬಾಲಕನನ್ನು ಎಂಟನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಿದರು. ಅಲ್ಲಿ ಆತನ ಮನಸ್ಸು ಕವಿತೆ, ಸಂಗೀತ, ಚಿತ್ರಕಲೆ, ಗಣಿತಗಳಲ್ಲಿ ನೆಟ್ಟಿತು. ತಂದೆಯ ಇಚ್ಛೆಯೇ ಬೇರೆ. ಮಗ ವೈದ್ಯನಾಗಿ ಭಾರತದ ವೈದ್ಯಕೀಯ ಸೇವೆಗೆ ಸೇರಬೇಕೆಂದು ಅವರು ನಿಶ್ಚಯಿಸಿದ್ದರು. ಹೀಗೆ ರಾಸ್ 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ವೈದ್ಯಕೀಯ ಶಾಲೆಯನ್ನು ಸೇರಿದರು.

ಅಂಗರಚನೆ, ಶರೀರಕ್ರಿಯೆ, ಔಷಧಶಾಸ್ತ್ರ ಇವು ಅವರ ಪಾಠಗಳು. ಓದುವ ಹೊತ್ತಿನಲ್ಲಿ ರಾಸ್ ನಾಟಕ ಬರೆದರು, ರಾಗ ಸಂಯೋಜಿಸಿದರು. ತಂದೆತಾಯಿ ಆರಿಸಿಕೊಟ್ಟ ವಿಷಯವನ್ನು ಒಲ್ಲದ ಮನಸ್ಸಿನಿಂದ ಓದುವ ಮಕ್ಕಳನ್ನು ತರಗತಿಯಲ್ಲಿ ಕಂಡ ನನಗೆ ಇದರಲ್ಲಿ ಆಶ್ಚರ್ಯವೇನೂ ತೋರುವುದಿಲ್ಲ. 1879ರಲ್ಲಿ ಶಸ್ತ್ರವೈದ್ಯರ ಪರೀಕ್ಷೆಯಲ್ಲಿ ಅವರು ಹೇಗೋ ತೇರ್ಗಡೆಯಾದರು. ಔಷಧವೈದ್ಯರ ಪರೀಕ್ಷೆಯಲ್ಲಿ ನಪಾಸಾದರು. ತಂದೆಯ ಹಣದ ಹಂಗು ಬೇಡವೆಂದು ಅಟ್ಲಾಂಟಿಕ್ ಸಾಗರವನ್ನು ದಾಟುವ ಹಡಗಿನಲ್ಲಿ ವೈದ್ಯರಾಗಿ ದುಡಿದು, ಓದಿ, 1881ರಲ್ಲಿ ಎರಡನೆಯ ಪ್ರಯತ್ನಕ್ಕೆ ಆ ಪರೀಕ್ಷೆಯನ್ನು ಗೆದ್ದರು. ಅದೇ ವರ್ಷ ಭಾರತಕ್ಕೆ ಬಂದರು.

1883ರಲ್ಲಿ ಅವರು ಬೆಂಗಳೂರಿನ ದಂಡಿನಲ್ಲಿದ್ದರು. ವಾಸಕ್ಕೆ ದೊರೆತ ಬಂಗಲೆ ಹಿತವಾಗಿದ್ದರೂ ಸೊಳ್ಳೆಗಳ ಕಾಟ ವಿಪರೀತ. ತಮ್ಮ ಕೋಣೆಯಲ್ಲಿಯೇ ಅವು ಹೆಚ್ಚೇಕೆ ಎಂದು ಹುಡುಕಿದಾಗ, ಕಿಟಕಿಯ ಹೊರಗೆ ಇರಿಸಿದ್ದ ನೀರಿನ ಪೀಪಾಯಿಯಲ್ಲಿ ಮರಿಹುಳುಗಳು ಮಿಜಿಗುಟ್ಟುತ್ತಿದ್ದುದು ಕಂಡಿತು. ಪೀಪಾಯಿಯನ್ನು ಬೋರಲು ಹಾಕಿಸಿದರು, ಸೊಳ್ಳೆಗಳು ಕಡಿಮೆಯಾದವು. ಉಳಿದ ಕಡೆಗಳಲ್ಲಿಯೂ ಹೀಗೆ ಮಾಡೋಣವೆಂದರೆ ಮೇಲಧಿಕಾರಿಯೊಬ್ಬರು ಒಪ್ಪಲಿಲ್ಲ. ಸೃಷ್ಟಿಯ ಕ್ರಮದಲ್ಲಿ ಕೈಯಾಡಿಸಬಾರದೆಂಬುದು ಅವರ ವಾದ! ಪುಸ್ತಕದಲ್ಲಿ ಸಿಗದ ಪ್ರಶ್ನೆಯೊಂದನ್ನು ರಾಸ್ ತಾವಾಗಿಯೇ ಕಂಡುಕೊಂಡದ್ದು ಇಲ್ಲಿ.

1888ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದವರು ಈ ಬಾರಿ ಸ್ವಂತ ಇಚ್ಛೆಯಿಂದ ವಿದ್ಯಾರ್ಥಿಯಾದರು. ಸಾರ್ವಜನಿಕ ಆರೋಗ್ಯದಲ್ಲಿ ಡಿಪ್ಲೊಮಾ ಪಡೆದರು, ಸೂಕ್ಷ್ಮಜೀವಿಶಾಸ್ತ್ರವನ್ನೂ ಕಲಿತರು. 1894ರಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ರೋಗಿಯ ನೆತ್ತರಿನಲ್ಲಿ ಮಲೇರಿಯದ ಪರೋಪಜೀವಿಯನ್ನು ತೋರಿಸಿದರು. ಫ್ರಾನ್ಸಿನ ಲ್ಯಾವರಾನ್ 1880ರಲ್ಲಿಯೇ ಅದನ್ನು ಕಂಡಿದ್ದರು. ಅದು ಒಬ್ಬರಿಂದ ಒಬ್ಬರಿಗೆ ಹೇಗೆ ಸಾಗುತ್ತದೆಂಬುದು ಮಾತ್ರ ಗುಟ್ಟಾಗಿ ಉಳಿದಿತ್ತು. ಸೊಳ್ಳೆಗೂ ಅದಕ್ಕೂ ಸಂಬಂಧವಿರಬೇಕೆಂದು ಮ್ಯಾನ್ಸನ್ ಊಹಿಸಿದ್ದರು.

ಮರುವರ್ಷ ಭಾರತಕ್ಕೆ ಮರಳಿದ ರಾಸ್ ಸಿಕಂದರಾಬಾದಿನಲ್ಲಿ ಕೆಲಸ ತೊಡಗಿದರು. ನಡುವೆ ಸರ್ಕಾರ ಅವರನ್ನು ಕಾಲರಾ ನಿವಾರಣೆಗೆಂದು ಬೆಂಗಳೂರಿಗೆ ಕಳುಹಿಸಿತು. 1897ರಲ್ಲಿ ನೀಲಗಿರಿಯ ಸೀಗೂರು ಘಟ್ಟದಲ್ಲಿ ಸ್ವತಃ ಅವರಿಗೇ ಮಲೇರಿಯ ತಗುಲಿತು. ಎರಡು ವರ್ಷ ಸೊಳ್ಳೆಗಳನ್ನು ಸೀಳಿ ನೋಡಿದರೂ ಏನೂ ದೊರೆಯಲಿಲ್ಲ. ಅವರು ಪರೀಕ್ಷಿಸುತ್ತಿದ್ದುದು ಮಲೇರಿಯವನ್ನು ಹೊರದ ಜಾತಿಯ ಸೊಳ್ಳೆಗಳನ್ನು. ಸಿಕಂದರಾಬಾದಿನ ಬೇಸಗೆಯಲ್ಲಿ ಹಣೆಯಿಂದ ಇಳಿದ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. ಸೊಳ್ಳೆಗಳು ಹಾರಿಹೋಗುತ್ತವೆಂದು ಪಂಕ ಎಳೆಸುವಂತೆಯೂ ಇರಲಿಲ್ಲ. ಹುಸೇನ್ ಖಾನ್ ಎಂಬ ರೋಗಿ, ಕಚ್ಚಿಸಿಕೊಂಡ ಸೊಳ್ಳೆಗೆ ಒಂದಾಣೆಯಂತೆ ಪಡೆದು, ಚುಕ್ಕೆರೆಕ್ಕೆಯ ಸೊಳ್ಳೆಗಳಿಗೆ ತನ್ನ ರಕ್ತವನ್ನು ಕೊಟ್ಟನು. ಆಗಸ್ಟ್ 20ರಂದು ಅಂತಹ ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಕಪ್ಪು ಕಣಗಳಿದ್ದ ದುಂಡನೆಯ ಕೋಶಗಳು ರಾಸ್‌ಗೆ ಕಂಡವು. ಆ ಬಡರೋಗಿಯ ಹೆಸರನ್ನೂ ನಾವು ಮರೆಯಬಾರದೆಂದು ನನಗೆ ಅನಿಸುತ್ತದೆ.

ಗೆಲುವು ಕೈಗೆ ಬಂದ ಹೊತ್ತಿನಲ್ಲಿಯೇ ಅವರಿಗೆ ವರ್ಗವಾಯಿತು, ಅದೂ ಮಲೇರಿಯ ವಿರಳವಾಗಿದ್ದ ರಾಜಪುತಾನದ ಖೇರ್ವಾರಕ್ಕೆ. 1898ರಲ್ಲಿ ಕಲ್ಕತ್ತೆ ಸೇರಿ, ಹಕ್ಕಿಗಳ ಮಲೇರಿಯವನ್ನು ಆಧಾರವಾಗಿಟ್ಟುಕೊಂಡು ಸಂಶೋಧನೆಯನ್ನು ಪೂರ್ಣಗೊಳಿಸಿದರು. ಪರೋಪಜೀವಿಯು ಸೊಳ್ಳೆಯ ಜಠರದಿಂದ ಲಾಲಾಗ್ರಂಥಿಗೆ ಸೇರಿ, ಕಚ್ಚುವಾಗ ಇನ್ನೊಂದು ಜೀವಿಯ ರಕ್ತಕ್ಕೆ ಇಳಿಯುತ್ತದೆಂದು ತೋರಿಸಿದರು. ಮನುಷ್ಯರ ಮಲೇರಿಯದಲ್ಲಿಯೂ ಹೀಗೆಯೇ ಆಗುವುದೆಂದು ಇಟಲಿಯ ಗ್ರಾಸಿ ಮೊದಲಾದವರು ಅದೇ ವರ್ಷ ಸಿದ್ಧಪಡಿಸಿದರು. ಈ ಕೀರ್ತಿಯನ್ನು ಹಂಚಿಕೊಳ್ಳುವಲ್ಲಿ ರಾಸ್ ಉದಾರಿಗಳಾಗಿರಲಿಲ್ಲ. ಗ್ರಾಸಿಯೊಡನೆ ಬಹುಕಾಲ ಕಲಹವಾಡಿದರು. 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು. ಕವಿತೆ ಬರೆಯುವುದನ್ನು ಅವರು ಜೀವನದುದ್ದಕ್ಕೂ ಬಿಡಲಿಲ್ಲ.

ಮುಂದೆ ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯದ ಅಧ್ಯಯನವನ್ನು ಕೈಗೊಂಡಾಗ ಮೂಡಿಗೆರೆಯಲ್ಲಿಯೂ ಒಂದು ಕೇಂದ್ರವನ್ನು ತೆರೆಯಿತು. ಬೆಂಗಳೂರಿನ ಪೀಪಾಯಿಯನ್ನು ಬೋರಲು ಹಾಕಿದಷ್ಟು ಸುಲಭದ ಕೆಲಸ ಇದಾಗಿರಲಿಲ್ಲ. ಮಲೆನಾಡಿನಲ್ಲಿ ಮಲೇರಿಯವನ್ನು ಹರಡುವ ಸೊಳ್ಳೆ ಮರಿಮಾಡುವುದು ಮೆಲ್ಲಗೆ ಹರಿಯುವ ತಿಳಿನೀರಿನ ತೊರೆಗಳ ಹುಲ್ಲಂಚಿನಲ್ಲಿ. ತೊರೆಯನ್ನು ಬೋರಲು ಹಾಕುವುದೆಂತು? 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ತೊರೆಯನ್ನು ಬಿಟ್ಟು, ಕಚ್ಚಿದ ಸೊಳ್ಳೆ ಬಂದು ಕೂರುವ ಮನೆಯ ಗೋಡೆಗಳಿಗೇ ಡಿ.ಡಿ.ಟಿ. ಎರಚುವುದು ಅದರ ಮುಖ್ಯ ಉಪಾಯವಾಗಿತ್ತು.